ಬೀಸುಕಲ್ಲಿನ ಆಚೆ ಬದಿ

ಮೇಲವಂಕಿಯಲ್ಲಿ ಹೊತ್ತು ಹುಟ್ಟಿದ ಮೇಲೆ ಜೋಳ ಬೀಸುವ ಸೊಸೆ ಎಂದರೆ ನಾನೊಬ್ಬಳೇ. ಉಳಿದ ಮನೆಗಳಲ್ಲಿ ಕೋಳಿ ಕೂಗುವ ಮೊದಲೇ ಬೀಸುಕಲ್ಲಿನ ಸದ್ದು ಎದ್ದು, ಬೆಳಕು ಹರಿಯುವುದರೊಳಗೆ ಹಿಟ್ಟು ಬುಟ್ಟಿ ಸೇರಿರುತ್ತಿತ್ತು. ನಮ್ಮ ಮನೆಯಲ್ಲಿ ಮಾತ್ರ ಬಿಸಿಲು ಪಡಸಾಲೆಗೆ ಇಳಿದ ಮೇಲೆ ಶುರು. ನೀರಿಗೆ ಹೋಗುವ ಹೆಂಗಸರು ಬಾಗಿಲ ಮುಂದೆ ನಿಂತು, "ಶಿವಗಂಗವ್ವಗ ಈಗ ಬೆಳಗಾತು ನೋಡ್ರಿ" ಎಂದು ನನಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿ ಹೋಗುತ್ತಿದ್ದರು. ನಾನೂ ಸುಮ್ಮನಿರುವವಳಲ್ಲ. "ಹೌದವ್ವಾ, ನಿಮಗ ಕತ್ತಲಾಗ ಕಾಣತೈತಿ, ನನಗ ಬೆಳಕು ಬೇಕು" ಎನ್ನುತ್ತಿದ್ದೆ. ಬೆಳಕು ಬೇಕಾದದ್ದು ಹಿಟ್ಟಿಗಲ್ಲ, ಪುಸ್ತಕಕ್ಕೆ.

ಆ ವರ್ಷ, ಅಂದರೆ ಸಾವಿರದ ಒಂಬೈನೂರ ಮೂವತ್ತಾರರಲ್ಲಿ, ನಮ್ಮೂರ ಶಾಲೆಯ ಎರಡನೆಯ ಮಾಸ್ತರರಿಗೆ ಹುಕ್ಕೇರಿ ಕಡೆಗೆ ವರ್ಗವಾಯಿತು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ರಾಜಪ್ಪ ಮಾಸ್ತರರು ಒಬ್ಬರೇ ಉಳಿದರು. ನಾಲ್ಕು ಇಯತ್ತೆ, ಎಪ್ಪತ್ತು ಮಕ್ಕಳು, ಒಂದೇ ಹಲಗೆ. ದೊಡ್ಡವರಿಗೆ ಲೆಕ್ಕ ಹೇಳಿಕೊಡುವ ಹೊತ್ತಿನಲ್ಲಿ ಮೊದಲ ಇಯತ್ತೆಯ ಪುಟಾಣಿಗಳು ಶಾಲೆಯ ಗೋಡೆಯ ಮಣ್ಣು ಕೆರೆದು ತಿನ್ನುತ್ತ ಕೂತಿರುತ್ತಿದ್ದರು. ಪಾಪ, ಮಾಸ್ತರರಾದರೂ ಏನು ಮಾಡಿಯಾರು? ಊರಲ್ಲಿ ಓದಲು ಬರುವ ಹೆಣ್ಣುಮಕ್ಕಳು ಯಾರಾರಿದ್ದಾರೆ ಎಂದು ಹುಡುಕುತ್ತ ಹೊರಟರು. ಮೂರು ಮನೆ ಸಿಕ್ಕವು. ಮೂರನೆಯದು ನಮ್ಮದು.

ನಾನು ತವರೂರು ಅಂಕಲಗಿಯಲ್ಲಿ ನಾಲ್ಕನೆಯ ಇಯತ್ತೆ ಪಾಸಾದವಳು ಎಂಬ ಸುದ್ದಿ ಮಾಸ್ತರರಿಗೆ ಯಾರು ಮುಟ್ಟಿಸಿದರೋ ತಿಳಿಯದು. ನಾನೇ ಊರ ತುಂಬ ಹೇಳಿಕೊಂಡು ತಿರುಗಿದ್ದೆನೆಂದು ನನ್ನ ಗಂಡ ಪರಪ್ಪ ಚೇಷ್ಟೆ ಮಾಡುತ್ತಾನೆ. ಇರಬಹುದು.

"ಸಣ್ಣ ಹುಡುಗರಿಗೆ ದಿನಾ ಮುಂಜಾನೆ ಒಂದ್ ತಾಸು ಓದಿಸಿದ್ರ ಸಾಕ್ರಿ, ಶಿವಗಂಗವ್ವಾರ," ಎಂದರು ಮಾಸ್ತರರು, ಅಂಗಳದಲ್ಲಿ ನಿಂತು. "ಒಂದ್ ಮನಿಗೆ ಮೂರು ಮಕ್ಕಳು, ಒಂದ್ ಪುಸ್ತಕ. ಪುಸ್ತಕ ಸಾಲಿದು, ನಾ ಕೊಡತೇನಿ."

ಅತ್ತೆ ಪಾರವ್ವ ಒಳಗಿನಿಂದಲೇ ಕೇಳಿದರು. "ಪಗಾರ ಎಷ್ಟ್ರಿ ಮಾಸ್ತರ?"

"ಪಗಾರ ಇಲ್ರಿ ಅವ್ವಾರ. ಪುಣ್ಯ ಐತಿ."

"ಪುಣ್ಯ ನಮ್ಮಲ್ಲಿ ಬೇಕಾದಷ್ಟೈತಿ. ಹಿಟ್ಟಿಲ್ಲ," ಎಂದರು ಅತ್ತೆ. ಮಾಸ್ತರರು ಹೋದ ಮೇಲೆ ನನ್ನ ಕಡೆ ತಿರುಗಿ ತೀರ್ಪು ಕೊಟ್ಟರು. "ಓದಸ್ತೀದಿ, ಓದಸು. ನಾ ಬ್ಯಾಡ ಅನ್ನೂದಿಲ್ಲ. ಆದ್ರ ಬೀಸೂದು ನಿಂದ್ರಬಾರ್ದು."

ನಿಲ್ಲಿಸಲಿಲ್ಲ. ಎರಡನ್ನೂ ಒಟ್ಟಿಗೇ ಹಚ್ಚಿಕೊಂಡೆ. ಬೀಸುಕಲ್ಲಿನ ಬಾಜೂ ಒಂದು ಮಣೆ ಇಟ್ಟು, ಅದರ ಮೇಲೆ ಪುಸ್ತಕ ತೆರೆದಿಟ್ಟೆ. ಒಂದು ಕೈ ಗೂಟ ತಿರುಗಿಸುತ್ತಿತ್ತು, ಇನ್ನೊಂದು ಕೈ ಹಿಡಿ ಹಿಡಿ ಜೋಳ ಸುರಿಯುತ್ತಿತ್ತು, ಬಾಯಿ ಪಾಠ ಹೇಳುತ್ತಿತ್ತು. ಜೋಳ ಸುರಿಯುವ ಕೈ ಬಿಡುವಾದಾಗ ಅಕ್ಷರ ತೋರಿಸಲು ಒಂದು ಜೋಳದ ದಂಟು ಇಟ್ಟುಕೊಂಡಿದ್ದೆ. ನನ್ನ ಹತ್ತಿರ ಬರುವ ಮಕ್ಕಳಿಗೆ ಮೊದಲ ದಿನವೇ ಒಂದು ಕಟ್ಟಪ್ಪಣೆ ಮಾಡಿದೆ: "ಪುಸ್ತಕಕ್ಕ ಯಾರೂ ಕೈ ಹಚ್ಚಬಾರ್ದು. ಸಾಲಿ ಪುಸ್ತಕ ಐತಿ. ಹಿಟ್ಟು ಹತ್ತಿದ್ರ ಮಾಸ್ತರಿಗೆ ಏನ್ ಹೇಳ್ಲಿ?" ಈ ಅಪ್ಪಣೆಯ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ಉಳಿದೆರಡು ಮನೆಗಳ ಪುಸ್ತಕಗಳು ತಿಂಗಳೊಳಗೆ ಕಿವಿ ಮಡಚಿಕೊಂಡು ಕೂತಿದ್ದವು, ನನ್ನದು ಹೊಸದರ ಹಾಗೆ ಇತ್ತು.

ಮೂವರು ಮಕ್ಕಳಲ್ಲಿ ಶೆಟ್ಟೆಪ್ಪ ಏಳು ವರ್ಷದವನು, ಮುಂಜಾನೆ ಮುಂಜಾನೆಯೇ ತೂಕಡಿಸುವವನು. ನನ್ನ ಎಡಕ್ಕೆ ಕೂಡ್ರುತ್ತಿದ್ದ, ತೂಕಡಿಸಿದರೆ ಮೊಣಕೈಯಿಂದ ತಿವಿಯಲು ಅನುಕೂಲವಾಗಲೆಂದು. ಬಲಕ್ಕೆ ಫಕೀರವ್ವ, ನಾನು ಬಾಯಿ ತೆರೆಯುವ ಮೊದಲೇ ಉತ್ತರ ಹೇಳಿ ತಪ್ಪುವವಳು. ಮೂರನೆಯವಳು ಲಗಮವ್ವ, ಎಲ್ಲರ ಬಾಯಲ್ಲಿ ಲಗಮಿ. ಎಂಟು ವರ್ಷ. ಕುರಿ ಕಾಯುವ ಬೀರಸಿದ್ದಪ್ಪನ ಮಗಳು. ತಾಯಿ ಇಲ್ಲ. ಅಪ್ಪ ವರ್ಷದಲ್ಲಿ ಏಳೆಂಟು ತಿಂಗಳು ಹಿಂಡಿನ ಹಿಂದೆ ಪಡುವಣ ಸೀಮೆಯಲ್ಲಿರುತ್ತಿದ್ದ, ಇವಳು ಅಜ್ಜಿಯ ಹತ್ತಿರ ಊರಲ್ಲಿ.

ಲಗಮಿ ಬಂದ ಮೊದಲ ದಿನ ನಾನು ಒಬ್ಬಳೇ ಬೀಸುತ್ತಿರುವುದನ್ನು ಕಂಡು ಬಾಗಿಲಲ್ಲೇ ನಿಂತಳು. ಆಮೇಲೆ ಯಾರನ್ನೂ ಕೇಳದೆ ಬಂದು ಕಲ್ಲಿನ ಆಚೆ ಬದಿಗೆ ನನ್ನ ಎದುರು ಕೂತು, ಕಾಲು ಚಾಚಿ, ಗೂಟಕ್ಕೆ ಕೈ ಹಾಕಿದಳು.

"ಒಬ್ಬರ ಬೀಸಬಾರ್ದ್ರಿ ಅಕ್ಕಾರ. ರಟ್ಟಿ ಬೀಳತಾವು," ಎಂದಳು.

ಅಕ್ಕಾರ ಎಂದರೆ ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಗಳು. ನನ್ನನ್ನು ಆ ಹೆಸರಿನಿಂದ ಜಗತ್ತಿನಲ್ಲಿ ಮೊದಲು ಕರೆದವಳು ಲಗಮಿ. ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಮುಚ್ಚಿಡದೆ ಹೇಳುತ್ತೇನೆ, ಆ ದಿನ ಜೋಳ ಎರಡು ಸೇರು ಹೆಚ್ಚಿಗೆ ಬೀಸಿದೆ. ಅತ್ತೆಯೂ ಖುಷಿಯಾದರು. ಎದುರಿಗೆ ಒಬ್ಬರು ಕೂತರೆ ಕಲ್ಲು ಅರ್ಧ ಹಗುರಾಗುತ್ತದೆ ಎಂಬುದು ಬೀಸಿದವರಿಗೆಲ್ಲ ಗೊತ್ತು. ಅವತ್ತಿನಿಂದ ಆಚೆ ಬದಿ ಲಗಮಿಯ ಜಾಗವಾಯಿತು. ಅವಳ ಕಣ್ಣು ಮಾತ್ರ ಕಲ್ಲಿನ ಮೇಲಿರುತ್ತಿರಲಿಲ್ಲ, ಮಣೆಯ ಮೇಲಿರುತ್ತಿತ್ತು. ನಾನು ದಂಟಿನಿಂದ ಸಾಲಿನ ಕೆಳಗೆ ಗೆರೆ ಎಳೆದಂತೆ ಅವಳ ತುಟಿ ಅಲುಗುತ್ತಿತ್ತು.

ಹಾಗೆ ಶ್ರಾವಣ ಕಳೆಯಿತು, ಭಾದ್ರಪದ ಕಳೆಯಿತು. ಮೂವರಲ್ಲಿ ಲಗಮಿಯೇ ಮುಂದೆ ಹೋದಳು. ಶೆಟ್ಟೆಪ್ಪ ಇನ್ನೂ ಎರಡಕ್ಷರದ ಶಬ್ದದಲ್ಲಿ ಒದ್ದಾಡುತ್ತಿರುವಾಗ ಇವಳು ಇಡೀ ಸಾಲು ಒಂದೇ ಉಸಿರಿನಲ್ಲಿ ಓದಿ ಮುಗಿಸುತ್ತಿದ್ದಳು. ಅತ್ತೆ ಮೂಲೆಯಲ್ಲಿ ಜೋಳದ ಹರಳು ಆರಿಸುತ್ತ ಕೂತಿರುತ್ತಿದ್ದರು, ಕೇಳಿಸಿಕೊಳ್ಳುತ್ತಿಲ್ಲ ಎಂಬಂತೆ. ಒಂದು ದಿನ ಶೆಟ್ಟೆಪ್ಪ ಒಂದು ಸಾಲು ಬಿಟ್ಟು ಮುಂದೆ ಹೋದಾಗ, "ಏ, ನಡುವ ಆಕಳದ ಮಾತು ಎಲ್ಲಿ ಹೋತೋ?" ಎಂದು ಅಲ್ಲಿಂದಲೇ ಗದರಿಸಿದರು.

ದಸರೆಗೆ ಮೊದಲು ಬೀರಸಿದ್ದಪ್ಪ ನಮ್ಮ ಮನೆಗೆ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಕಟ್ಟೆಯ ಮೇಲೆ ಕೂಡ್ರು ಎಂದರೂ ಕೂಡ್ರದೆ ನಿಂತೇ ಮಾತಾಡಿದ.

"ದೀವಳಿಗಿ ಪಾಡ್ಯ ಮುಗಿಸಿ ಮೂರನೇ ದಿನಕ್ಕ ಹಿಂಡು ಹೊಂಡತೈತ್ರಿ ಅವ್ವಾರ. ಈ ಸಲ ಮರಿ ಬಾಳ ಅದಾವು, ಕಾಯಾಕ ಒಬ್ಬರು ಬೇಕು. ಲಗಮಿನ್ನ ಕರಕೊಂಡು ಹೋಗಬೇಕಂತ ಮಾಡೇನಿ."

ನನ್ನ ಕೈ ಕಲ್ಲಿನ ಮೇಲೇ ನಿಂತಿತು. "ಪರೀಕ್ಷಾ ಬಂತಲ್ಲಪ್ಪಾ," ಎಂದೆ.

"ಅದಕ್ಕs ಬಂದೇನ್ರಿ. ಪಾಸಾದ್ಲಂದ್ರ ಇಲ್ಲೇ ಬಿಡತೇನಿ, ಅವರಜ್ಜಿ ಕೂಡ. ಕಲೀಲಿ. ಪಾಸಾಗಲಿಲ್ಲಂದ್ರ ನಮ್ಮ ಜೋಡಿ ಬರ್ಲಿ. ಬರಲಾರದ್ದಕ್ಕ ಸುಳ್ಳ ಹೊತ್ತು ಯಾಕ ಕಳೀಬೇಕು?"

ಅವನ ಮಾತಿನಲ್ಲಿ ತಪ್ಪು ಹುಡುಕಲು ಹೋದೆ, ಸಿಗಲಿಲ್ಲ. ಒಂದು ಮಾತು ಮಾತ್ರ ನನಗೆ ಗೊತ್ತಿತ್ತು. ಹಿಂಡಿನ ಹಿಂದೆ ಹೋದ ಹೆಣ್ಣುಹುಡುಗಿ ತಿರುಗಿ ಶಾಲೆಯ ಹೊಸ್ತಿಲು ತುಳಿದದ್ದನ್ನು ನಾನು ಕಂಡಿರಲಿಲ್ಲ. ಮಳೆಗಾಲಕ್ಕೆ ಊರಿಗೆ ಬರುತ್ತಾರೆ, ಅಷ್ಟರಲ್ಲಿ ಕಲಿತದ್ದು ಮರೆತಿರುತ್ತದೆ, ಒಂದೆರಡು ವರ್ಷದಲ್ಲಿ ಮದುವೆಯ ಮಾತು ಬರುತ್ತದೆ, ಮುಗಿಯಿತು. ಲಗಮಿ ಆಚೆ ಬದಿಯಲ್ಲಿ ಗೂಟ ಹಿಡಿದು ನೆಲ ನೋಡುತ್ತ ಕೂತಿದ್ದಳು.

"ಪಾಸಾಗತಾಳ. ಆಕಿ ಆಗಲಿಲ್ಲಂದ್ರ ಈ ಊರಾಗ ಯಾರೂ ಆಗೂದಿಲ್ಲ," ಎಂದೆ. ಇಷ್ಟು ದೊಡ್ಡ ಮಾತು ಆಡಬಾರದಿತ್ತು. ಆದರೆ ನನ್ನ ನಾಲಿಗೆ ನನ್ನ ಮಾತು ಕೇಳಿದ್ದು ಯಾವಾಗ?

ದೀಪಾವಳಿಗೆ ಎಂಟು ದಿನವಿದೆ ಎನ್ನುವಾಗ ಪರೀಕ್ಷೆ ತೆಗೆದುಕೊಳ್ಳುವ ಸಾಹೇಬರು ಎತ್ತಿನ ಗಾಡಿಯಲ್ಲಿ ಬಂದಿಳಿದರು. ವರ್ಷಕ್ಕೊಮ್ಮೆ ಬಂದು ಶಾಲೆ ತಪಾಸಣೆ ಮಾಡಿ, ಯಾರು ಪಾಸು ಯಾರು ನಪಾಸು ಎಂದು ಬರೆದು ಹೋಗುವವರು. ಡೆಪ್ಯುಟಿ ಎನ್ನಲು ಬಾರದ ಊರ ಜನ ಅವರನ್ನು ದೀಪೋಟಿ ಸಾಹೇಬರು ಎನ್ನುತ್ತಿದ್ದರು. ಚಾವಡಿಯಲ್ಲಿ ಇಳಿದುಕೊಂಡು, ಮರುದಿನ ಊಟ ಮುಗಿಸಿ ತುಕ್ಕಾನಟ್ಟಿಗೆ ಹೋಗುವವರಿದ್ದರು. ಸೊಸೆಯಂದಿರು ಶಾಲೆಗೆ ಹೋಗಿ ನಿಂತು ನೋಡುವ ಪದ್ಧತಿ ನಮ್ಮಲ್ಲಿಲ್ಲ. ನಾನು ಮನೆಯಲ್ಲೇ ಕೂತು ಅವತ್ತು ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಮಧ್ಯಾಹ್ನ ಫಕೀರವ್ವ ಓಡುತ್ತ ಬಂದಳು. "ಅಕ್ಕಾರ, ನಾ ಪಾಸು. ಶೆಟ್ಟೆಪ್ಪನೂ ಪಾಸು," ಎಂದಳು. ಲಗಮಿ ಎಲ್ಲಿ ಎಂದರೆ ಉತ್ತರ ಹೇಳದೆ ಓಡಿ ಹೋದಳು. ಎಲ್ಲದಕ್ಕೂ ಮೊದಲೇ ಉತ್ತರ ಹೇಳುವ ಹುಡುಗಿ ಅವಳು.

ಸಂಜೆ ಮಾಸ್ತರರು ಬಂದರು. ಮುಖ ಬಾಡಿತ್ತು.

"ಏನಾತ್ರಿ?" ಎಂದು ಅತ್ತೆಯೇ ಕೇಳಿದರು.

"ಏನ್ ಹೇಳ್ಲಿ ಅವ್ವಾರ. ಸಾಹೇಬರು ಪುಸ್ತಕ ಕೈಗೆ ಕೊಟ್ರು. ಹುಡುಗಿ ನೋಡಿದ್ಲು, ನೋಡಿದ್ಲು, ಒಂದೊಂದ ಅಕ್ಷರ ಬಿಡಿ ಬಿಡಿ ಹೇಳಿದ್ಲು. ಶಬ್ದ ಕೂಡಿಸಾಕ ಆಗಲಿಲ್ಲ. ಆಮ್ಯಾಲ ಪುಸ್ತಕ ತಿರುವಿ ಉಲ್ಟಾ ಹಿಡಕೊಂಡ್ಲು. ತಲಿ ಕೆಳಗ ಮಾಡಿ. ಹಂಗ ಹಿಡಕೊಂಡು ಗಡಗಡ ಹೇಳಾಕ ಹತ್ತಿದ್ಲು. ಸಾಲಿ ಮಂದೆಲ್ಲಾ ನಕ್ಕಿತು. ಸಾಹೇಬರು ಪುಸ್ತಕ ಕಸಕೊಂಡು, 'ಮಾಸ್ತರ, ಇದು ಓದೂದಲ್ಲ, ಬಾಯಿಪಾಠ. ಪುಸ್ತಕ ಹಿಡಿಯಾಕ ಬರೂದಿಲ್ಲ ಈಕಿಗೆ. ಯಾರ್ರಿ ಕಲಿಸಿದವರು?' ಅಂದ್ರು."

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಸಿಟ್ಟು ಮೊದಲು ಸಾಹೇಬರ ಮೇಲೆ ಬಂತು, ಆಮೇಲೆ ಹುಡುಗಿಯ ಮೇಲೆ. ಇಷ್ಟು ದಿನ ನನ್ನ ಬಾಯಿ ನೋಡಿ ಗಟ್ಟಿ ಮಾಡಿಕೊಂಡು ನನಗೇ ಮೋಸ ಮಾಡಿದಳಲ್ಲ ಎಂದುಕೊಂಡೆ. ನನ್ನ ಮೇಲೆ ಬರಬೇಕಾದ ಸಿಟ್ಟು ಬರಲು ಮರುದಿನ ಬೆಳಗಾಗಬೇಕಾಯಿತು.

ಮರುದಿನ ಲಗಮಿ ಬರಲಾರಳು ಎಂದುಕೊಂಡಿದ್ದೆ. ಬಂದಳು. ಯಾವಾಗಿನಂತೆ ಆಚೆ ಬದಿಗೆ ಕೂತು ಗೂಟ ಹಿಡಿದಳು. ಕಣ್ಣು ಊದಿದ್ದವು.

"ಓದಾಕ ಹೋಗಬ್ಯಾಡ ಅಂದಾನ್ರಿ ಅಪ್ಪ. ಬೀಸಾಕ ಅಷ್ಟ ಬಂದೇನಿ," ಎಂದಳು.

ಆ ಮಾತಿಗೆ ನನ್ನ ಸಿಟ್ಟು ಅರ್ಧ ಇಳಿಯಿತು. ಅರ್ಧ ಉಳಿದಿತ್ತು. ಪುಸ್ತಕ ತಂದು ಮೊದಲ ಸಲ ಅವಳ ಕೈಗೇ ಕೊಟ್ಟು, "ಓದು ನೋಡೂಣು. ನನ್ನ ಮುಂದ ಓದು," ಎಂದೆ. ಅವಳು ಪುಸ್ತಕ ಹಿಡಿದು, ನನ್ನ ಮುಖ ನೋಡಿ, ಹೆದರುತ್ತ ಹೆದರುತ್ತ ಅದನ್ನು ತಲೆಕೆಳಗೆ ತಿರುಗಿಸಿಕೊಂಡಳು.

"ಮತ್ತ ಉಲ್ಟಾ ಹಿಡಿತೀಯಲ್ಲs," ಎಂದು ರೇಗಿದೆ. ಪುಸ್ತಕ ಕಿತ್ತುಕೊಂಡು ಕೊನೆಯ ಕಡೆಯ ಒಂದು ಹಾಳೆ ತೆರೆದೆ. ನಾವಿನ್ನೂ ಮುಟ್ಟಿರದ ಪಾಠ. ಹುಡುಗಿಗೆ ಅದು ಬಾಯಿಪಾಠ ಆಗಿರಲು ಸಾಧ್ಯವೇ ಇರಲಿಲ್ಲ. ಮೊದಲಿನಂತೆ ಮಣೆಯ ಮೇಲಿಟ್ಟು, "ಇದನ್ನ ಓದು" ಎಂದೆ.

"ಕುಂ... ಬಾ... ರ. ಕುಂಬಾರನು ಮಣ್ಣು ತುಳಿ... ತುಳಿದನು. ಮಡಿಕೆ ಮಾಡಿದನು. ಮಡಿಕೆ ಬಿಸಿಲಿಗೆ ಇಟ್ಟನು," ಎಂದು ಓದಿದಳು.

ಓದಿದ್ದು ಖರೆ. ಹಾಗಾದರೆ ನಿನ್ನೆ ಏನಾಯಿತು? ಪುಸ್ತಕ ನೋಡಿದೆ, ಅವಳನ್ನು ನೋಡಿದೆ. ಆಮೇಲೆ ಏನು ತಿಳಿಯಿತೋ, ಎದ್ದು ಕಲ್ಲು ಸುತ್ತಿ ಹೋಗಿ ಅವಳ ಮಗ್ಗುಲಿಗೆ ಕೂತೆ. ನಾಲ್ಕು ತಿಂಗಳಲ್ಲಿ ಒಮ್ಮೆಯೂ ನಾನು ಆ ಬದಿಗೆ ಕೂತಿರಲಿಲ್ಲ.

ಅಲ್ಲಿಂದ ಪುಸ್ತಕ ನೋಡಿದರೆ ನನಗೆ ಒಂದಕ್ಷರವೂ ತಿಳಿಯಲಿಲ್ಲ. ತಲೆಕಟ್ಟು ಕೆಳಗಿತ್ತು, ಒತ್ತಕ್ಷರ ಮೇಲಿತ್ತು. ಸಾಲು ಬಲದಿಂದ ಎಡಕ್ಕೆ ಹೋಗುತ್ತಿತ್ತು, ಪಾಠ ಕೆಳಗಿನಿಂದ ಮೇಲಕ್ಕೆ ಏರುತ್ತಿತ್ತು. ಈ ಹುಡುಗಿ ಇಲ್ಲಿ ಕೂತು, ಕಲ್ಲು ತಿರುಗಿಸುತ್ತ, ಹೀಗೆಯೇ ಕಲಿತಿದ್ದಳು. ಶಾಲೆಯ ಹಲಗೆಯ ಮೇಲಿನ ಬಿಡಿ ಅಕ್ಷರಗಳು ಅವಳಿಗೆ ನೆಟ್ಟಗೇ ಗೊತ್ತಿದ್ದವು. ಆದರೆ ಸಾಲು ಓದುವುದನ್ನು ಅವಳು ಕಂಡದ್ದು ಈ ಮಣೆಯ ಮೇಲೆ, ಈ ಬದಿಯಿಂದ ಮಾತ್ರ. ಪುಸ್ತಕಕ್ಕೆ ಕೈ ಹಚ್ಚಬಾರದೆಂದು ಕಾವಲು ಕೂತವಳು ನಾನು. ಹಚ್ಚಗೊಟ್ಟಿದ್ದರೆ ಎಂದೋ ಗೊತ್ತಾಗುತ್ತಿತ್ತು.

"ಯಾಕs ಹೇಳಲಿಲ್ಲ, ಲಗಮಿ?" ಎಂದೆ.

"ಏನ್ ಹೇಳೂದ್ರಿ? ಓದೂದು ಅಂದ್ರ ಹಿಂಗs ಅಂತ ತಿಳಿದಿದ್ದೆ," ಎಂದಳು.

ಮೂಲೆಯಿಂದ ಅತ್ತೆ ಬಾಯಿ ಹಾಕಿದರು. "ಪುಸ್ತಕ ನಿನ್ನ ಕಡಿ ಮಾರಿ ಮಾಡಿ ಇರತಿತ್ತು, ನಾ ದಿನಾ ನೋಡೇನಿ. ಎರಡೂ ಕಡಿಂದ ಓದಾಕ ಬರತೈತಿ ಅಂತ ಮಾಡಿದ್ದೆ."

ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ನಕ್ಕು ಮುಗಿಸಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದೆ. "ಅತ್ತೀ, ನಾ ಚಾವಡಿಗೆ ಹೋಗತೇನಿ. ಸಾಹೇಬರು ಇನ್ನೂ ಅದಾರ. ತಪ್ಪು ನಂದು ಅಂತ ಹೇಳಬೇಕು."

ಚಾವಡಿಗೆ ಸೊಸೆ ಹೋಗುವುದೆಂದರೆ ಸಣ್ಣ ಮಾತಲ್ಲ. ಅತ್ತೆ ಮೊರ ಕೆಳಗಿಟ್ಟರು. ಬೈಗುಳಕ್ಕೆ ಕಿವಿ ಅಣಿಮಾಡಿಕೊಂಡೆ.

"ಹಿಟ್ಟಿನ ಸೀರಿ ಉಟ್ಟುಕೊಂಡು ಹೋಗಬ್ಯಾಡ, ಬದಲಿಸು," ಎಂದರು. "ನಾ ಮುಂದ ನಡಿತೇನಿ, ನೀ ಹಿಂದ ಬಾ. ಮಾತು ಮಾತ್ರ ನೀನs ಆಡು, ನನಗ ಓದಿನ ಮಾತು ಬರೂದಿಲ್ಲ."

ಮೂವರೂ ಹೊರಟೆವು. ನೀರು ಹೊತ್ತ ಹೆಂಗಸರು ಕೊಡ ಇಳಿಸಿ ನಿಂತು ನೋಡಿದರು. ಓಣಿಯ ತಿರುವಿನಲ್ಲಿ ಬೀರಸಿದ್ದಪ್ಪ ಮನೆಯ ಮುಂದೆ ಕೂತು ಹಗ್ಗ ಹೊಸೆಯುತ್ತಿದ್ದ. ಅತ್ತೆ ನಿಲ್ಲದೆಯೇ, "ಏಳೋ ಬೀರಸಿದ್ದಪ್ಪ, ಚಾವಡಿಗೆ ಬಾ. ನಿನ್ನ ಮಗಳ ಕೆಲಸ ಐತಿ," ಎಂದರು. ಅವರ ದನಿಗೆ ಎದುರಾಡಿದವರು ನಮ್ಮೂರಲ್ಲಿಲ್ಲ. ಅವನು ಕಂಬಳಿ ಕೊಡವಿ ಹಿಂದೆ ಬಂದ.

ಚಾವಡಿಯಲ್ಲಿ ಸಾಹೇಬರು ಮೇಜಿನ ಹಿಂದೆ ಕೂತು ದೊಡ್ಡದೊಂದು ವಹಿಯಲ್ಲಿ ಶಾಲೆಯ ವರದಿ ಬರೆಯುತ್ತಿದ್ದರು. ಮಾಸ್ತರರು ಬಾಜೂ ನಿಂತಿದ್ದರು, ನನ್ನನ್ನು ಕಂಡು ಅವರ ಬಾಯಿ ತೆರೆದೇ ಉಳಿಯಿತು. ನಾನು ತಲೆಯ ಮೇಲಿನ ಸೆರಗು ಬಿಗಿ ಹಿಡಿದು, ಅತ್ತೆಯ ಹೆಗಲ ಮರೆಯಿಂದ ಮಾತಾಡಿದೆ.

"ಕಲಿಸಿದವರು ಯಾರು ಅಂತ ನಿನ್ನೆ ಕೇಳಿದ್ರಲ್ರಿ. ನಾನ್ರಿ. ಹುಡುಗಿದು ತಪ್ಪಿಲ್ಲ, ನಂದು."

ಬೀಸುಕಲ್ಲು, ಮಣೆ, ಆಚೆ ಬದಿ, ಎಲ್ಲ ಹೇಳಿದೆ. ಪುಸ್ತಕ ಮುಟ್ಟಗೊಡದ ನನ್ನ ಜಾಣತನವನ್ನೂ ಹೇಳಿದೆ. ಸಾಹೇಬರು ಮೊದಲು ಹುಬ್ಬು ಗಂಟಿಕ್ಕಿದ್ದರು. ಕೇಳುತ್ತ ಕೇಳುತ್ತ ಲೇಖನಿ ಕೆಳಗಿಟ್ಟರು.

"ಮೂವತ್ತು ವರ್ಷ ಆತು ಸಾಲಿ ತಿರಗಾಕ ಹತ್ತಿ. ಇಂಥಾದ್ದು ಕೇಳಿಲ್ಲವ್ವಾ," ಎಂದರು. "ಖರೆ ಇದ್ರ ಈಗs ನೋಡೂಣು."

ಮೇಜಿನ ಮೇಲಿನ ಕಾಗದಗಳಲ್ಲಿ ಹುಡುಕಿ ಅಚ್ಚಾದ ಒಂದು ಜಾಹೀರಾತು ತೆಗೆದರು. ಗೋಕಾಕದಲ್ಲಿ ನಡೆಯುವ ದನಗಳ ಪ್ರದರ್ಶನದ್ದು, ನಿನ್ನೆಯಷ್ಟೇ ಅವರ ಕೈ ಸೇರಿದ್ದು. ಊರಲ್ಲಿ ಯಾರೂ ಕಂಡಿರಲಿಲ್ಲ. ಅದನ್ನು ತಮ್ಮ ಕಡೆಗೇ ಮುಖ ಮಾಡಿ ಮೇಜಿನ ಮೇಲೆ ಹರವಿ, ಲಗಮಿಯನ್ನು ಎದುರಿಗೆ ಕರೆದರು. ಅವಳ ಗದ್ದ ಮೇಜಿಗೆ ತಾಗುತ್ತಿತ್ತು.

"ಓದು."

ಲಗಮಿ ನನ್ನ ಕಡೆ ನೋಡಿದಳು. ನಾನು ತಲೆ ಅಲುಗಿಸಿದೆ.

"ದನಗಳ ಪ... ಪದ..." ಎಂದು ನಿಂತಳು. ಆ ಶಬ್ದ ಅವಳಿಗೆ ಎಟುಕಲಿಲ್ಲ. ತುಟಿ ಕಚ್ಚಿಕೊಂಡಳು. ಅವಳು ಅದನ್ನು ಅಲ್ಲಿಗೇ ಬಿಟ್ಟು ಮುಂದೆ ಹೋದಳು. "...ಗೋಕಾಕದಲ್ಲಿ ನಡೆಯುವುದು. ಎಲ್ಲ ರೈತರು ತಮ್ಮ ಎತ್ತು, ಹೋರಿ, ಆಕಳು ತರಬೇಕು. ಕುರಿ, ಮೇಕೆ..." ಇಲ್ಲಿ ಥಟ್ಟನೆ ತಲೆಯೆತ್ತಿ, "ಅಪ್ಪಾ, ಕುರಿದೂ ಬರದಾರ ಇಲ್ಲಿ," ಎಂದಳು.

ಸಾಹೇಬರು ನಕ್ಕರು. "ಮಾಸ್ತರ, ಬಾಯಿಪಾಠ ಮಾಡಿದವರು ತೊಡರೂದಿಲ್ಲ. ಈಕಿ ತೊಡರಿದ್ಲು, ಬಿಟ್ಟು ಮುಂದ ಹೋದ್ಲು. ಇದು ಓದು. ನಿನ್ನೆ ನಾ ಹೇಳಿದ್ದು ತಪ್ಪು." ಆಮೇಲೆ ನನ್ನ ಕಡೆ ನೋಡಿ ನಗು ನಿಲ್ಲಿಸಿದರು. "ಆದ್ರ ಒಂದ್ ಮಾತೈತಿ ತಂಗಿ. ಪುಸ್ತಕ ಸೀದಾ ಹಿಡಿದು ಓದಬೇಕು ಅನ್ನೂದು ನೇಮ. ಉಲ್ಟಾ ಓದಿದವರನ್ನ ಪಾಸು ಮಾಡಿದ್ರ ನಾಳೆ ನನಗ ಕೇಳತಾರ. ತಿಂಗಳೊಪ್ಪತ್ತಿನಾಗ ಸೀದಾ ಓದೂದು ಕಲಿಸ್ರಿ, ನಾ ತಿರುಗಿ ಈ ಕಡಿ ಬಂದಾಗ ನೋಡತೇನಿ."

ತಿಂಗಳಾಗುವ ಹೊತ್ತಿಗೆ ಹಿಂಡು ಎಲ್ಲಿರುತ್ತದೆಯೋ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲ ಹತ್ತಿರ ನಿಂತಿದ್ದ ಬೀರಸಿದ್ದಪ್ಪ ಮುಂದೆ ಬಂದ. ಕೋಲು ಗೋಡೆಗೆ ಒರಗಿಸಿ ಕೈ ಮುಗಿದ.

"ಸಾಹೇಬ್ರ, ನನ್ನದೊಂದ್ ಮಾತ್ರಿ. ಆ ಕಾಗದ ನಿಮ್ಮ ಕಡಿ ಮಾರಿ ಮಾಡಿತ್ತು, ಹೌದಿಲ್ರಿ? ಇಕಿ ಈ ಕಡಿ ನಿಂತು ಓದಿದ್ಲು?"

"ಹೌದಪ್ಪ. ಅದಕ್ಕs ಉಲ್ಟಾ ಅಂದದ್ದು."

"ನಮಗ ಅದs ಸೀದಾ ಅಲ್ಲೇನ್ರಿ?" ಎಂದ ಬೀರಸಿದ್ದಪ್ಪ. ದನಿ ಏರಿಸಲಿಲ್ಲ, ಕುರಿ ಮಾತಾಡಿಸಿದಷ್ಟೇ ಮೆಲ್ಲಗೆ ಮಾತಾಡಿದ. "ಮೇಜಿನ ಆ ಕಡಿ ಕುಂಡ್ರೂದು ನಮ್ಮ ಹಣ್ಯಾಗ ಇಲ್ರಿ. ಕಾಡಿನ ಚೌಕ್ಯಾಗಾಗ್ಲಿ, ಊರ ಲೆಕ್ಕ ಬರಿಯೂ ತಲಾಠಿ ಮುಂದಾಗ್ಲಿ, ನಾವು ನಿಂದ್ರೂದು ಈ ಕಡೀನ. ಅಡವ್ಯಾಗ ಕುರಿ ಮೇಯಸಾಕ ಚೀಟಿ ಬರಕೊಡತಾರ. ಬರಿಯೂ ಮುಂದ ಚೀಟಿ ಅವರ ಕಡಿ ಮಾರಿ ಮಾಡಿರತೈತಿ. ಶಿವರಾತ್ರಿ ತನಕಾ ಮೇಯಸು ಅಂತ ಬಾಯಿಲೆ ಹೇಳತಾರ, ನಾ ಹೆಬ್ಬಟ್ಟು ಒತ್ತತೇನಿ. ಆಮ್ಯಾಲ ಗಾರ್ಡ ಬಂದು ಸಂಕ್ರಮಣ ತನಕಾ ಅಂತ ಬರದೈತಿ, ಹೊಂಡು ಅಂತಾನ. ಹೋದ ವರ್ಷ ಹಂಗs ಆತು, ಎಳೀ ಮರಿ ಹೊತಕೊಂಡು ಹೊಂಟಿವಿ. ಬರಿಯೂ ಮುಂದs ಅದನ್ನ ಈ ಕಡಿ ನಿಂತು ಓದವರು ನಮ್ಮ ಮಂದ್ಯಾಗ ಇದ್ದಿದ್ರ?"

ಬೀರಸಿದ್ದಪ್ಪ ನನ್ನ ಕಡೆ ತಿರುಗಿದ. ಅವನು ನನ್ನನ್ನು ಅಕ್ಕಾರ ಎಂದದ್ದು ಅದೇ ಮೊದಲು.

"ಅಕ್ಕಾರ, ನೀವು ತಪ್ಪು ಮಾಡಿಲ್ರಿ. ಸೀದಾ ಓದೂದು ಕಲಿಸ್ರಿ, ಕೈಬರಹ ಓದೂದೂ ಕಲಿಸ್ರಿ. ಆದ್ರ ಇದನ್ನ ಮಾತ್ರ ಮರಸಬ್ಯಾಡ್ರಿ. ಇಕಿ ಇಲ್ಲೇ ಇರ್ಲಿ. ಮರಿ ಕಾಯಾಕ ನನ್ನ ತಂಗಿನ್ನ ಕೇಳತೇನಿ. ಪಾಸು ಮಾಡೂದು ಬಿಡೂದು ಸಾಹೇಬರಿಗೆ ಬಿಟ್ಟದ್ದು."

ಲಗಮಿ ಮೇಜು ಹಿಡಿದುಕೊಂಡು ನಿಂತಲ್ಲೇ ನಿಂತಿದ್ದಳು. ಅತ್ತೆ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡು, ಧೂಳು ಬಾಳ ಐತಿ ಈ ಚಾವಡ್ಯಾಗ ಎಂದು ಗೊಣಗಿದರು. ನನ್ನ ಕಣ್ಣಿನಲ್ಲಿ ನೀರು ಬಂದಿತ್ತು, ನಾನು ಧೂಳಿನ ನೆಪ ಹೇಳಲಿಲ್ಲ.

ಸಾಹೇಬರು ಆ ಜಾಹೀರಾತನ್ನು ಬದಿಗಿಟ್ಟು, ವರದಿಯ ವಹಿ ಮುಂದೆ ಎಳೆದುಕೊಂಡರು. ನಿನ್ನೆ ಬರೆದ ಒಂದು ಸಾಲಿನ ಮೇಲೆ ಅಡ್ಡ ಗೆರೆ ಎಳೆದರು. ಲೇಖನಿ ಮಸಿಯಲ್ಲಿ ಅದ್ದಿದರು. ಅವರು ಇಷ್ಟು ಹೊತ್ತು ಬರೆಯುತ್ತಿದ್ದುದು ಒಂದಕ್ಕೊಂದು ಹೆಣೆದುಕೊಂಡ ಓಡು ಬರಹ, ನನಗೂ ಓದಲು ಬರುವಂಥದ್ದಲ್ಲ. ಈಗ ಹಾಗೆ ಬರೆಯಲಿಲ್ಲ. ಒಂದೊಂದೇ ಅಕ್ಷರವನ್ನು ಪುಸ್ತಕದ ಅಚ್ಚಿನ ಹಾಗೆ ದೊಡ್ಡದಾಗಿ, ದುಂಡಗೆ, ಬಿಡಿಬಿಡಿಯಾಗಿ ಬರೆದರು. ಬರೆದು ಮುಗಿಸಿ ತಾವು ಓದಿ ಹೇಳಲಿಲ್ಲ. ವಹಿಯನ್ನು ತಿರುಗಿಸಲೂ ಇಲ್ಲ. ಇದ್ದ ಹಾಗೇ ಬಿಟ್ಟು, ಲೇಖನಿ ಒರೆಸುತ್ತ ಕೂತರು.

"ಏನ್ ಬರದಾರ?" ಎಂದ ಬೀರಸಿದ್ದಪ್ಪ.

ಲಗಮಿ ತುದಿಗಾಲಲ್ಲಿ ನಿಂತು, ಮೇಜಿನ ಈ ಕಡೆಯಿಂದ ಓದಿದಳು. "ಲ... ಗ... ಮ... ವ್ವ. ಲಗಮವ್ವ. ಓ... ದು... ತ್ತಾ... ಳೆ. ಪಾ... ಸು."

ಬೀರಸಿದ್ದಪ್ಪ ಹೌದೇನ್ರಿ ಎಂದು ಸಾಹೇಬರನ್ನು ಕೇಳಲಿಲ್ಲ. ಮಾಸ್ತರರ ಮುಖವನ್ನೂ ನೋಡಲಿಲ್ಲ, ನನ್ನದನ್ನೂ ನೋಡಲಿಲ್ಲ. ಮಗಳ ಹತ್ತಿರ ಬಂದು ಬಗ್ಗಿ, ಅವಳು ನೋಡುತ್ತಿದ್ದ ಕಡೆಯೇ ನೋಡುತ್ತ ನಿಂತ.

"ಇನ್ನೊಮ್ಮೆ ಓದವ್ವಾ," ಎಂದ.

ಅವಳು ಇನ್ನೊಮ್ಮೆ ಓದಿದಳು.